ಕಬಡ್ಡಿಗೆ ಪ್ರಾಸ: ತಲೆಯಲ್ಲಿ ಸಿಂಹ, ಬಾಲದಲ್ಲಿ ಕುದುರೆ

ಊರಿನ ಕಬಡ್ಡಿ ಪಂದ್ಯಾವಳಿಯ ಕರಪತ್ರಕ್ಕೆ ನಾಲ್ಕು ಸಾಲು ಬರೆದುಕೊಡಬೇಕಾಗಿ ಬಂದಾಗ ನನಗೆ ಮೊದಲು ಹೊಳೆದ ಪ್ರಾಸ ‘ಬಡ್ಡಿ’. ‘ಆಡಲು ಬನ್ನಿ ಕಬಡ್ಡಿ, ಗೆದ್ದರೆ ಬಹುಮಾನಕ್ಕೆ ಬಡ್ಡಿ’ ಎಂದು ಬರೆದು ಒಯ್ದೆ. ಕಾರ್ಯದರ್ಶಿಗಳು ಓದಿ, “ಇದೇನು ಮಾರಾಯರೇ, ಪಂದ್ಯವೋ ಫೈನಾನ್ಸಿನ ಜಾಹೀರಾತೋ?” ಎಂದರು. ಆ ರಾತ್ರಿ ಒಂದು ಹಳೆಯ ನೋಟುಪುಸ್ತಕ ತೆಗೆದು ಈ ಒಂದು ಪದದ ಹಿಂದೆ ಬಿದ್ದೆ. ಪ್ರಾಸ ಕಲಿಯುತ್ತಿರುವ ನಿಮಗೂ ಉಪಯೋಗವಾದೀತೆಂದು ಅದನ್ನೇ ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ.

ಮೊದಲು ಅಂತ್ಯಪ್ರಾಸ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಸ್ವರದಿಂದ ಕೊನೆಯವರೆಗೆ ಎಲ್ಲವೂ ಹೊಂದಿದರೆ ಪೂರ್ಣಪ್ರಾಸ. ಕನ್ನಡದಲ್ಲಿ ಹಾಗೆ ಒತ್ತಿ ಹೇಳುವ ಪದ್ಧತಿ ಇಲ್ಲ. ಆದ್ದರಿಂದ ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಕೊನೆಯ ಅಕ್ಷರ ಪೂರ್ತಿ ಹೊಂದಬೇಕು, ಅದರ ಹಿಂದಿನ ಸ್ವರವೂ ಹೊಂದಬೇಕು. ಕಬಡ್ಡಿಯಲ್ಲಿ ಆ ತುಂಡು ‘ಅಡ್ಡಿ’.

ನಿಘಂಟು ಇಲ್ಲಿ ನೆರವಾಗುವುದಿಲ್ಲ. ಅದು ಪದದ ತಲೆಯನ್ನು ನೋಡಿ ಜೋಡಿಸುತ್ತದೆ, ನಮಗೆ ಬೇಕಾದದ್ದು ಬಾಲ. ನನ್ನ ಉಪಾಯ ಒಂದನೇ ತರಗತಿಯದು: ‘ಅಡ್ಡಿ’ಯ ಮುಂದೆ ವರ್ಣಮಾಲೆಯನ್ನು ಒಂದೊಂದಾಗಿ ಹಚ್ಚುತ್ತಾ ಗಟ್ಟಿಯಾಗಿ ಓದುವುದು. ಅಡ್ಡಿ, ಕಡ್ಡಿ, ಚಡ್ಡಿ, ದಡ್ಡಿ, ಬಡ್ಡಿ, ರಡ್ಡಿ. ಮುಗಿಯಿತು. ಬೆಂಕಿಕಡ್ಡಿ, ಚಕ್ರಬಡ್ಡಿಗಳನ್ನು ಸೇರಿಸಿಕೊಂಡರೂ ಮನೆ ದೊಡ್ಡದಾಗುವುದಿಲ್ಲ. ‘ರಡ್ಡಿ’ ಉತ್ತರ ಕರ್ನಾಟಕದ ರೂಪ; ಹೇಮರಡ್ಡಿ ಮಲ್ಲಮ್ಮನ ಹೆಸರಿನಲ್ಲಿರುವುದು ಅದೇ. ದಕ್ಷಿಣಕ್ಕೆ ಬಂದು ‘ರೆಡ್ಡಿ’ ಎಂದ ಕೂಡಲೇ ಪೂರ್ಣಪ್ರಾಸ ಕೈತಪ್ಪಿ ಸಮೀಪಪ್ರಾಸವಾಗುತ್ತದೆ. ಒಂದು ಏತ್ವ ಮಾಡುವ ಕೆಲಸ ನೋಡಿ.

ಈಗ ಆ ಪದಗಳನ್ನು ಮತ್ತೊಮ್ಮೆ ಓದಿ. ಬಡ್ಡಿ, ಕಡ್ಡಿ, ಚಡ್ಡಿ. ಯಾವುದನ್ನು ಇಟ್ಟರೂ ನಗು ಬರುತ್ತದೆ.

ಮೇಷ್ಟರು ಇಳಿದರು ಆಡಲು ಕಬಡ್ಡಿ
ಮೂರನೆ ದಾಳಿಗೆ ಹರಿಯಿತು ಚಡ್ಡಿ

ಮಕ್ಕಳ ಪದ್ಯಕ್ಕೆ ಇದು ಚೆನ್ನಾಗಿಯೇ ಇದೆ. ಆದರೆ ತೊಡೆ ತಟ್ಟಿ ಅಂಕಣಕ್ಕೆ ಇಳಿಯುವ ಆಟದ ಬಿಸಿ ಇದರಲ್ಲಿ ಎಲ್ಲಿದೆ? ಪೂರ್ಣಪ್ರಾಸವೇ ಮೇಲು, ಉಳಿದದ್ದು ಹೊಂದಾಣಿಕೆ ಎಂದು ನಾನು ಬಹಳ ದಿನ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ಈ ಪದ.

ಹಳೆಯ ಲಾಕ್ಷಣಿಕರಲ್ಲಿ ವರ್ಗಪ್ರಾಸ ಎಂಬ ಮಾತಿದೆ: ಅದೇ ಅಕ್ಷರ ಸಿಗದಿದ್ದರೆ ಅದೇ ವರ್ಗದ ಇನ್ನೊಂದು. ‘ಡ’ದ ವರ್ಗದಲ್ಲಿ ‘ಟ’ ಇದೆ. ‘ಡ್ಡಿ’ಯನ್ನು ‘ಟ್ಟಿ’ ಮಾಡಿ ಹುಡುಕಲು ಕುಳಿತಾಗ ಪುಟ ಸಾಲಲಿಲ್ಲ. ತಟ್ಟಿ, ಮುಟ್ಟಿ, ಮೆಟ್ಟಿ, ಅಟ್ಟಿ, ಕಟ್ಟಿ, ಗಟ್ಟಿ, ಜಟ್ಟಿ. ಇವು ಬಂದದ್ದು ಪದಪಟ್ಟಿಯಿಂದಲ್ಲ, ಅಂಕಣದಿಂದ. ದಾಳಿಗಾರ ಮುಟ್ಟಿ ಓಡುತ್ತಾನೆ, ಎದುರಿನವರು ಅಟ್ಟಿ ಹಿಡಿಯುತ್ತಾರೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ.

ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ
ನಿಂತಿತು ಊರೇ ಉಸಿರನು ಕಟ್ಟಿ

ಉಸಿರು ಬಿಡದೆ ಜಪಿಸುತ್ತಿರುವವನು ಒಬ್ಬ, ಉಸಿರು ಕಟ್ಟಿ ನಿಂತವರು ನೂರು ಜನ. ‘ಬಡ್ಡಿ’ಗೆ ಸಿಗದ ಅರ್ಥ ‘ಕಟ್ಟಿ’ಗೆ ಸಿಕ್ಕಿತು. ಡ-ಟ ನಡುವಿನ ಸಣ್ಣ ಒರಟೂ ನನಗೆ ಇಷ್ಟವೇ, ಮೊದಲ ಸಾಲಿನ ಗುಂಯ್‌ಗುಡುವಿಕೆ ಎರಡನೆಯದರಲ್ಲಿ ಟಕ್ಕೆಂದು ನಿಲ್ಲುತ್ತದೆ.

ಉಳಿದ ಸಮೀಪಪ್ರಾಸಗಳನ್ನು ಬೇಗ ದಾಟುತ್ತೇನೆ. ಹಿಂದಿನ ಸ್ವರ ಬದಲಾದರೆ ಒಡ್ಡಿ, ಬುಡ್ಡಿ, ಗಿಡ್ಡಿ. ಇವುಗಳಲ್ಲಿ ‘ಎದೆಯೊಡ್ಡಿ’ ಚಿನ್ನ. ಕೊನೆಯ ಸ್ವರ ಬದಲಾದರೆ ಅಡ್ಡ, ಗಡ್ಡ, ಲಡ್ಡು. ಎರಡೂ ಬದಲಾದರೆ ಸೆಡ್ಡು. ದೂರವಾದರೂ ‘ಸೆಡ್ಡು’ ಆಟದ್ದೇ ಪದವಾದ್ದರಿಂದ ಕಿವಿ ಒಪ್ಪಿಕೊಳ್ಳುತ್ತದೆ. ಗೆದ್ದು, ಬಿದ್ದು, ಎದ್ದು ಎಂಬ ‘ದ್ದು’ ಗುಂಪು ಆಸೆ ಹುಟ್ಟಿಸುತ್ತದೆ, ಆದರೆ ದ-ಡ ಬೇರೆ ಬೇರೆ ಎಂದು ಕನ್ನಡದ ಕಿವಿಗೆ ತೊಟ್ಟಿಲಲ್ಲೇ ಗೊತ್ತು. ನಾನು ಅದನ್ನು ಸಾಲಿನ ಒಳಗೆ ಬಳಸುತ್ತೇನೆ, ಕೊನೆಗೆ ಇಡುವುದಿಲ್ಲ.

ಒಂದು ಎಚ್ಚರಿಕೆ. ‘ಕಬಡ್ಡಿಗೆ’ ಮತ್ತು ‘ಊರಿಗೆ’ ಪ್ರಾಸವಲ್ಲ. ಹೊಂದಿರುವುದು ವಿಭಕ್ತಿ ಪ್ರತ್ಯಯ ಮಾತ್ರ, ಪದಗಳು ಪರಸ್ಪರ ಮುಖವನ್ನೇ ನೋಡಿಲ್ಲ. ಪ್ರತ್ಯಯ ಹಚ್ಚಲೇಬೇಕಾದರೆ ಎರಡೂ ಕಡೆ ಹಚ್ಚಿ, ಅದರ ಹಿಂದೆ ನಿಜವಾದ ಪ್ರಾಸ ಇರಲಿ: ‘ಕಬಡ್ಡಿಗೆ, ಬಡ್ಡಿಗೆ’. ‘ಅಲ್ಲಿ’, ‘ಇತ್ತು’, ‘ನ್ನು’ಗಳಿಂದ ಸಾಲು ಮುಗಿಸುವ ಚಟ ನನಗೂ ಇತ್ತು. ಬಿಡಲು ಒಂದು ವರ್ಷ ಹಿಡಿಯಿತು.

ಈಗ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸವೆಂದರೆ ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಏನಾದರೂ ಇರಬಹುದು. 10ನೇ ಶತಮಾನದ ನಾಗವರ್ಮನ ‘ಛಂದೋಂಬುಧಿ’ ಇದಕ್ಕೆ ಆರು ಪ್ರಾಣಿಗಳ ಹೆಸರಿಟ್ಟಿದೆ. ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ವಿಜಾತೀಯ ಒತ್ತಕ್ಷರಕ್ಕೆ ಶರಭ, ಸಜಾತೀಯ ಒತ್ತಕ್ಷರಕ್ಕೆ ಹಯ. ಸಜಾತೀಯ ಒತ್ತಕ್ಷರಕ್ಕೆ ಹಳಗನ್ನಡದಲ್ಲಿ ಹೇಳುವ ಪದ ‘ದಡ್ಡಕ್ಕರ’. ಆ ಪದದಲ್ಲೇ ನಮ್ಮ ‘ಡ್ಡ’ ಕುಳಿತಿದೆ.

ಹೀಗೆ ನೋಡಿದರೆ ಬಡ್ಡಿ, ಕಡ್ಡಿ, ಒಡ್ಡಿ, ಸೆಡ್ಡು, ಲಡ್ಡು ಎಲ್ಲವೂ ಒಂದೇ ಲಾಯದ ಕುದುರೆಗಳು. ಅಂತ್ಯಪ್ರಾಸದಲ್ಲಿ ‘ಸಮೀಪ’ ಎಂದು ಪಕ್ಕಕ್ಕಿಟ್ಟ ಸೆಡ್ಡು ಇಲ್ಲಿ ಪೂರ್ಣಪ್ರಾಸ. ಗಡಿ ಸಿಂಹ, ಓಡಿ ಗಜ, ಮಂಡಿ ವೃಷಭ. ಆದರೆ ಕಬಡ್ಡಿಯೇ ಸಾಲಿನ ಮೊದಲಿಗೆ ಬಂದರೆ? ಅದರ ಎರಡನೆಯ ಅಕ್ಷರ ‘ಬ’, ಹಿಂದೆ ಹ್ರಸ್ವ ‘ಕ’. ಅಂದರೆ ಸಿಂಹ! ಬಾಲದಲ್ಲಿ ಕುದುರೆಯಾಗಿದ್ದ ಪದ ತಲೆಯಲ್ಲಿ ಸಿಂಹವಾಯಿತು, ಹೊಂದುವ ಪದಗಳೂ ಪೂರ್ತಿ ಬದಲಾದವು: ಕಬಳಿಸು, ತಬಲ, ಸಬೂಬು, ಗಬಕ್ಕನೆ, ದಬಕ್ಕನೆ.

ಕಬಡ್ಡಿ ಎನ್ನುತ ಬಂದವನ ಕಾಲನು
ಗಬಕ್ಕನೆ ಹಿಡಿದರು ಇಬ್ಬರು
ದಬಕ್ಕನೆ ಬಿದ್ದರೂ ಬೆರಳ ತುದಿಯಲಿ
ಸಬೂಬು ಹೇಳದೆ ಗೆರೆ ಮುಟ್ಟಿದ

ಕರಪತ್ರಕ್ಕೆ ಕೊನೆಗೆ ಹೋದದ್ದು ಇದೇ. ‘ಗಬಕ್ಕನೆ’ ನನ್ನ ಜಾಣತನದಿಂದ ಬಂದ ಪದವಲ್ಲ, ಪ್ರಾಸವೇ ಎಳೆದು ತಂದದ್ದು.

ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುವ ಹಳೆಯ ಕಂದಪದ್ಯವನ್ನು ಬರೆಯುವವರಿಗೆ ಒಂದು ಸೇರಿಕೆ. ಮಾತ್ರೆ ಎಣಿಸಿ: ಕ ಲಘು, ಮುಂದೆ ಒತ್ತಕ್ಷರ ಇರುವುದರಿಂದ ಬ ಗುರು, ಡ್ಡಿ ಲಘು. ನಾಲ್ಕು ಮಾತ್ರೆಯ ಜಗಣ. ಕಂದದ ವಿಷಮಗಣಗಳಲ್ಲಿ, ಅಂದರೆ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಗಣಗಳಲ್ಲಿ, ಜಗಣ ಬರಕೂಡದು, ಆದ್ದರಿಂದ ‘ಕಬಡ್ಡಿ’ ಎಂದು ಕಂದವನ್ನು ಆರಂಭಿಸುವ ಹಾಗಿಲ್ಲ. ಆದರೆ ಆರನೆಯ ಗಣ, ಅಂದರೆ ಎರಡನೆಯ ಸಾಲಿನ ನಟ್ಟನಡುವಿನದು, ಜಗಣವಾಗಿರಬೇಕು ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಕಬಡ್ಡಿಗೆ ಅಳತೆ ತೆಗೆದು ಮಾಡಿಸಿದ ಜಾಗ ಅದು. ತಮಿಳುನಾಡಿನ ಕಡೆ ಈ ಆಟಕ್ಕೆ ‘ಸಡುಗುಡು’ ಎನ್ನುತ್ತಾರೆ, ಎಣಿಸಿದರೆ ನಾಲ್ಕೂ ಲಘು. ಆರನೆಯ ಗಣಕ್ಕೆ ಸಲ್ಲುವ ಎರಡು ರೂಪಗಳೂ ಒಂದೇ ಆಟದ ಎರಡು ಹೆಸರುಗಳಲ್ಲಿ ಸಿಕ್ಕಿದ್ದು ಕಾಕತಾಳೀಯವೇ ಸರಿ, ಆದರೂ ಆ ರಾತ್ರಿ ನಾನು ಒಬ್ಬನೇ ನಕ್ಕೆ.

ಬೇರೆ ಆಟಗಳ ಪದಗಳೂ ಪುಸ್ತಕದಲ್ಲಿವೆ. ಕ್ರಿಕೆಟ್ ಸಪ್ಪೆ: ಟಿಕೆಟ್, ವಿಕೆಟ್, ರಾಕೆಟ್, ಬಕೆಟ್ ಎಲ್ಲವೂ ಒಂದೇ ಹಡಗಿನಲ್ಲಿ ಬಂದಿಳಿದವು. ಹಾಕಿಗೆ ‘ಬಾಕಿ’ ಇದೆ, ‘ಸೋಕಿ’ ಹತ್ತಿರವಿದೆ, ಜೊತೆಗೆ ಕ್ರಿಯಾಪದದ ‘ಹಾಕಿ’ಯೇ ಇದೆ. ಕುಸ್ತಿ ಶ್ರೀಮಂತ: ಸುಸ್ತಿ ಪೂರ್ಣ, ಆಸ್ತಿ, ದೋಸ್ತಿ, ಜಾಸ್ತಿ, ಮಸ್ತಿ ಸಮೀಪ. ಎರಡನೆಯ ಅಕ್ಷರವನ್ನು ನೋಡಿದರೆ ಅದು ಶರಭ. ಖೊ ಖೊ ಎದುರಿಗೆ ಮಾತ್ರ ಇನ್ನೂ ಖಾಲಿ ಗೆರೆ ಇದೆ.