ಎರಡು ನಿಮಿಷದ ಚೀಟಿ, ವಾರದ ಸೂಜಿ

ಮೊನ್ನೆ ಊಟಕ್ಕ ಕುಂತಾಗ ನಮ್ಮ ವೈನಿ ಎರಡನೇ ರೊಟ್ಟಿ ಬ್ಯಾಡ ಅಂತ ತಾಟು ಸರಿಸಿದ್ರು. ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದ ಇದ್ರೂ ಒಂದ ರೊಟ್ಟಿಗೆ ಏಳೋ ಪೈಕಿ ಅಲ್ಲ ಅವ್ರು, ಅವ್ವಗ ಗಾಬರಿ ಆಗಿ ಉಪ್ಪು ಒಣಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕೇ ಬಿಟ್ಲು. ದೃಷ್ಟಿ ಅಲ್ಲಬೇ, ತೂಕ ಇಳಸೋ ಸೂಜಿ, ಸೆಮಾಗ್ಲುಟೈಡ್ ಅಂತ ನಾ ಹೇಳ್ದೆ. ಆ ಹೆಸರು ಕೇಳಿ ಆಕಿ ಇನ್ನೊಂದ್ ಸಲ ನಿವಾಳಿಸಿದ್ಲು.

ಕಲಬುರಗಿಯಾಗ ಈಗ ಲಗ್ನದ ಪಂಗತಿಯಾಗೂ ಇದೇ ಮಾತು, ಎಲ್ಲಾರೂ ಅಂಬೋದು 'ಕೊಬ್ಬು ಕರಗಿಸೋ ಇಂಜೆಕ್ಷನ್'. ಈ ಕರಗಿಸೋ ಅನ್ನೋ ಶಬ್ದಕ್ಕ ನನಗ ಸಿಟ್ಟು ಬರ್ತದ. ಖರೇನ ಕೊಬ್ಬು ಸುಡೋ ಔಷಧ ಹಿಂದ ಒಂದಿತ್ತು, ಡೈನೈಟ್ರೋಫೀನಾಲ್ ಅಂತ, 1933ರಾಗ ಅಮೆರಿಕದಾಗ ಮಂದಿ ಮುಗಿಬಿದ್ದು ತಿಂದ್ರು, ಮೈಯಾಗಿನ ಇಂಧನ ಎಲ್ಲಾ ಬರೇ ಕಾವಾಗಿ ಹೋಗ್ತಿತ್ತು, ತೂಕ ಇಳೀತು, ಜತಿಗೆ ಕೆಲವ್ರಿಗೆ ಕಣ್ಣಿಗೆ ಪೊರೆ ಬಂತು, ಕೆಲವ್ರು ಮೈ ಕಾದೇ ಸತ್ರು, 1938ಕ್ಕ ಅದರ ಕಥಿ ಮುಗೀತು. ಈಗಿನ ಸೂಜಿಗೂ ಅದಕ್ಕೂ ಸಂಬಂಧನೇ ಇಲ್ಲ. ಇದು ಏನನ್ನೂ ಸುಡೂದಿಲ್ಲ, ಕರಗಿಸೂದಿಲ್ಲ, ಬರೇ ಒಂದು ಸುದ್ದಿ ಮುಟ್ಟಿಸ್ತದ.

ಊಟ ಕರುಳಿಗೆ ಇಳದ ಕೂಡ್ಲೆ ಅಲ್ಲಿಂದ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಹೊಂಡ್ತದ. ಮೇದೋಜೀರಕಕ್ಕ 'ಸಕ್ಕರಿ ಬರ್ಲಿಕತ್ತದ, ಇನ್ಸುಲಿನ್ ಬಿಡು' ಅಂತದ, ಹೊಟ್ಟಿಗೆ 'ನಿಧಾನ ಖಾಲಿ ಮಾಡು' ಅಂತದ, ಮಿದುಳಿಗೆ 'ಸಾಕು' ಅಂತದ. ಮಜಾ ಏನಂದ್ರ ಈ ಸುದ್ದಿ ಚೀಟಿಯ ಆಯುಷ್ಯ ಸುಮಾರು ಎರಡೇ ನಿಮಿಷ! ರಕ್ತದಾಗ ಡಿಪಿಪಿ-4 ಅನ್ನೋ ಕಿಣ್ವ ಕತ್ತರಿ ಹಿಡ್ಕೊಂಡೇ ನಿಂತಿರ್ತದ. ಜಿಎಲ್‌ಪಿ-1 ಅಂದ್ರ ಮೂವತ್ತು ಮಣಿಯ ಸರ ಅಂತ ತಿಳೀರಿ, ಕತ್ತರಿ ತಲಿ ಕಡಿಯ ಎರಡು ಮಣಿ ಕಟ್ ಮಾಡ್ತದ, ಸರ ಕೆಲಸಕ್ಕ ಬರಂಗಿಲ್ಲ. ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟಿ ಗದ್ಲದಾಗ ಕಿಸೆಗಳ್ಳ ಹೆಂಗೋ ಹಂಗ, ನೀವು ಬಸ್ ಇಳದು ನಾಕ ಹೆಜ್ಜಿ ಹಾಕೂದ್ರಾಗ ಕೆಲಸ ಮುಗದಿರ್ತದ.

ಇದೇ ಸರ ತಿದ್ದಿ ಸೆಮಾಗ್ಲುಟೈಡ್ ಮಾಡ್ಲಿಕ್ಕೆ ವಿಜ್ಞಾನಿಗಳು ಮಾಡಿದ್ದೇನು? ಒಂದು, ಆ ಎರಡನೇ ಮಣಿನೇ ಬದ್ಲಿ ಮಾಡಿದ್ರು, ಕತ್ತರಿ ಬಾಯಿಗೆ ಹತ್ತದಂಗ. ಕೀಲಿ ತಯಾರ್ ಮಾಡಾವ ಒಂದ ಹಲ್ಲು ಸ್ವಲ್ಪ ದಪ್ಪ ಬಿಟ್ಟಂಗ. ಎರಡು, ಸರಕ್ಕ ಕೊಬ್ಬಿನ ಆಮ್ಲದ ಒಂದು ಬಾಲ ಕಟ್ಟಿದ್ರು. ಆ ಬಾಲ ರಕ್ತದಾಗಿನ ಆಲ್ಬುಮಿನ್ ಅನ್ನೋ ದೊಡ್ಡ ಪ್ರೋಟೀನಿಗೆ ಜೋತು ಬೀಳ್ತದ, ಸೇಡಂ ಬಸ್ಸಿನ ಬಾಗಲಕ್ಕ ಕಾಲೇಜ್ ಹುಡುಗ್ರು ಜೋತು ಬಿದ್ದಂಗ. ಬಸ್ಸಿನ್ಯಾಗ ಇರೋತನಕ ಕಳ್ಳನ ಕೈಗೂ ಸಿಗಂಗಿಲ್ಲ, ಮೂತ್ರಪಿಂಡದ ಜರಡಿಯಾಗೂ ಸೋರಂಗಿಲ್ಲ. ಆಗಾಗ ಒಬ್ಬೊಬ್ಬ ಇಳದು ಸುದ್ದಿ ಮುಟ್ಟಿಸ್ತಾನ. ಅರ್ಧ ಖಾಲಿ ಆಗ್ಲಿಕ್ಕೇ ಸುಮಾರು ಒಂದು ವಾರ ಬೇಕು, ಅದಕ್ಕೇ ವಾರಕ್ಕೊಂದು ಸೂಜಿ. ಎರಡು ನಿಮಿಷದ್ದು ಏಳು ದಿನ ಆಯ್ತು ನೋಡ್ರಿ, ನನಗಂತೂ ಇದು ಗೋಳಗುಮ್ಮಟದ ಪ್ರತಿಧ್ವನಿಗಿಂತ ದೊಡ್ಡ ಸೋಜಿಗ.

ಇನ್ನೊಂದು ಪುಕಾರು, 'ಇದ್ರಾಗ ಹಲ್ಲಿ ವಿಷ ಅದ'. ಇಲ್ರಿ. ನ್ಯೂಯಾರ್ಕಿನ ಜಾನ್ ಎಂಗ್ ಅನ್ನೋ ವೈದ್ಯ 1992ರಾಗ ಗಿಲಾ ಮಾನ್‌ಸ್ಟರ್ ಅನ್ನೋ ಮರುಭೂಮಿ ಹಲ್ಲಿಯ ವಿಷದಾಗ ಎಕ್ಸೆಂಡಿನ್-4 ಕಂಡುಹಿಡಿದ, ಜಿಎಲ್‌ಪಿ-1ರ ದಾಯಾದಿ ಅದು, ಕತ್ತರಿಗೂ ಜಗ್ಗಂಗಿಲ್ಲ. ಆ ಪ್ರಾಣಿ ವರ್ಷಕ್ಕ ಕೆಲವೇ ಸಲ ಉಣ್ತದ, ನಮ್ಮ ಪಂಗತಿಗೆ ಕರದ್ರೂ ಉಪಯೋಗಿಲ್ಲ. ಅದರಿಂದ ಎಕ್ಸೆನಟೈಡ್ ಬಂತು, 2005ರಾಗ ಅಮೆರಿಕದಾಗ ಸಕ್ಕರಿ ಕಾಯಿಲೆಗೆ ಮಂಜೂರಿ ಆಯ್ತು. ಸೆಮಾಗ್ಲುಟೈಡ್ ಬ್ಯಾರೆ, ಅದರ ಸರ ಯೀಸ್ಟ್‌ನಾಗ ಬೆಳಸ್ತಾರ.

2021ರಾಗ ಪ್ರಕಟ ಆದ ಪ್ರಯೋಗದಾಗ 1,961 ಮಂದಿ ಇದ್ರು, 68 ವಾರದಾಗ ಸೂಜಿ ತಗೊಂಡವರ ತೂಕ ಸರಾಸರಿ ಶೇ. 14.9 ಇಳೀತು, ಔಷಧ ಇಲ್ಲದ ಖಾಲಿ ಸೂಜಿಯವರದು ಶೇ. 2.4. ನಿಲ್ಲಿಸಿ ಒಂದು ವರ್ಷಕ್ಕ ಇಳದದ್ರಾಗ ಮೂರರಾಗ ಎರಡು ಪಾಲು ವಾಪಸ್ ಬಂತು. ಚೀಟಿ ನಿಂತ್ರ ಹಸಿವು ಮತ್ತ ಬಾಗಲಿಗೆ ಬರ್ತದ, ಅದಕ್ಕ ಮೂರು ತಿಂಗಳ ಕೋರ್ಸ್ ಮಾಡಿ ಬಿಡ್ತೀನಿ ಅಂಬೋರು ರೊಕ್ಕ ಉಳಿಸ್ಕೊಳ್ರಿ.

ರೊಕ್ಕ ಅಂದ್ರ ಸಣ್ಣದಲ್ಲ. ಇದೇ ಪೈಕಿ ಇನ್ನೊಂದು ಸೂಜಿ ಮೌಂಜಾರೊ 2025ರ ಮಾರ್ಚ್‌ನಾಗ ನಮ್ಮ ದೇಶಕ್ಕ ಬಂದಾಗ ಶುರುವಿನ 2.5 ಮಿಲಿಗ್ರಾಂ ಬಾಟ್ಲಿಗೆ 3,500 ರೂಪಾಯಿ, ಅದೂ ಬರೇ ಒಂದು ವಾರದ್ದು. ಇಷ್ಟು ಖರ್ಚಿಂದು ವೈನಿ ಮೊದ್ಲು ಹೋದ ಪ್ರೈವೇಟ್ ದವಾಖಾನ್ಯಾಗ ತೂಕ ನೋಡಿದ್ರು, ಫೀ ತಗೊಂಡ್ರು, ಔಷಧದ ಚೀಟಿ ಬರದ್ರು. ಐದು ನಿಮಿಷ ಆಗಿರ್ಲಿಕ್ಕಿಲ್ಲ. ವೈನಿಗೆ ಹಿಂದ ಪಿತ್ತಕೋಶದಾಗ ಕಲ್ಲಿತ್ತು, ಒಬ್ರೂ ಕೇಳ್ಲಿಲ್ಲ! ಈ ಔಷಧದಾಗ, ತೂಕ ದಬದಬ ಇಳದಾಗ, ಪಿತ್ತದ ಕಲ್ಲಿನ ತೊಂದ್ರಿ ಹೆಚ್ಚಾಗ್ತದ.

ನಾನೇ ಜಗಳ ಮಾಡಿ ಇನ್ನೊಬ್ರು ಫಿಜಿಷಿಯನ್ ಕಡಿ ಕರಕೊಂಡು ಹೋದೆ. ಅವ್ರು ಎತ್ತರ ತೂಕ ಎರಡೂ ನೋಡಿ ಬಿಎಂಐ ಲೆಕ್ಕ ಹಾಕಿದ್ರು, 158 ಸೆಂಟಿಮೀಟರ್, 92 ಕೆಜಿ, ಅಂದ್ರ ಸುಮಾರು 37. ತೂಕಕ್ಕಂತ ಮಾರೋ ಸೆಮಾಗ್ಲುಟೈಡ್ ವೆಗೋವಿಗೆ ಕನಿಷ್ಠ 30 ಇರಬೇಕು, ಇಲ್ಲಾ ಕನಿಷ್ಠ 27 ಇದ್ದು ಜತಿಗೆ ಬಿಪಿ, ಶುಗರ್‌ನಂಥ ತೊಂದ್ರಿ ಇರಬೇಕು. ಆಮ್ಯಾಲೆ ಪ್ರಶ್ನೆ ಶುರು: ಮನಿತನದಾಗ ಯಾರಿಗರೆ ಥೈರಾಯ್ಡ್ ಕ್ಯಾನ್ಸರ್ ಇತ್ತೇನು (ಮೆಡ್ಯುಲರಿ ಅನ್ನೋ ಜಾತಿದಿದ್ರ ಈ ಸೂಜಿ ಕೊಡಂಗಿಲ್ಲ), ಮೇದೋಜೀರಕ ಊದಿಕೊಂಡಿತ್ತೇನು, ಶುಗರ್ ಗುಳಿಗಿ ಯಾವುದು, ಮಗು ಬೇಕಂತ ವಿಚಾರ ಅದ ಏನು, ಯಾಕಂದ್ರ ಇದ್ದ್ರ ಎರಡು ತಿಂಗಳ ಮೊದ್ಲೇ ನಿಲ್ಲಿಸಬೇಕು. ಹೊಟ್ಟಿ ಸ್ಕ್ಯಾನ್, ರಕ್ತ ತಪಾಸಣಿ ಬರದ್ರು. ಎಲ್ಲಾ ನೋಡಿದ ಮ್ಯಾಲೆ 0.25 ಮಿಲಿಗ್ರಾಂ, ನಾಲ್ಕು ವಾರ, ಅಷ್ಟೇ. ಬ್ಯಾಳಿ, ಮೊಸರು, ತತ್ತಿ ಬಿಡಬ್ಯಾಡ್ರಿ, ಇಲ್ಲಂದ್ರ ಕೊಬ್ಬಿನ ಜತಿಗೆ ಸ್ನಾಯೂನೂ ಹೋಗ್ತದ ಅಂತ ಎರಡು ಸಲ ಹೇಳಿದ್ರು. ಬಾಜೂಕ ಕುಂತು ಕೇಳ್ತಾ ಇದ್ದ ನನಗ ಹೊಟ್ಟಿ ತುಂಬಿದಂಗಾತು.

ನಮ್ಮ ಊರಿಗೆ ಒಂದು ಪೀಕಲಾಟ ಬ್ಯಾರೆ ಅದ. ವೈನಿಯ ಸೂಜಿ ಪೆನ್ 2ರಿಂದ 8 ಡಿಗ್ರಿಯಾಗ ಇರಬೇಕು, ಹೊರಗಿಟ್ರೂ 30 ದಾಟಬಾರ್ದು, ಏಪ್ರಿಲ್‌ನಾಗ ಕಲಬುರಗಿ 42 ಡಿಗ್ರಿ. ಹೈದರಾಬಾದಿಂದ ಸಸ್ತಾ ಸಿಗ್ತದಂತ ಬ್ಯಾಗಿನ್ಯಾಗ ಹಾಕ್ಕೊಂಡು ಜನರಲ್ ಡಬ್ಬಿಯಾಗ ತರೋರಿಗೆ ಏನ್ ಹೇಳೂದು, ಆ ಮಣಿ ಸರದ ಮಡಿಕೆ ಕೆಟ್ಟ್ರ ಚುಚ್ಚಿಕೊಂಡದ್ದು ನೀರಿದ್ದಂಗ. ನಾ ಇದನ್ನೆಲ್ಲಾ ಮನ್ಯಾಗ ಬಿಡಿಸಿ ಹೇಳಿದ್ದೆ. ಅವ್ವ ಗಮನಕೊಟ್ಟು ಕೇಳಿದ್ಲು. ಮರುದಿನ ಕರೆಂಟ್ ಹೋಗ್ತದಂತ ಪೆನ್ ತಗದು ಫ್ರೀಜರ್‌ನಾಗ ಇಟ್ಟಿದ್ಲು, ಐಸ್ ಡಬ್ಬಿ ಕೆಳಗ, ಛಲೋ ತಣ್ಣಗಿರ್ಲಿ ಅಂತ. ಹೆಪ್ಪುಗಟ್ಟಿದ ಪೆನ್ ಬಳಸಂಗಿಲ್ಲ. ಕಸಕ್ಕ ಹೋತು. ವೈನಿ ಏನೂ ಅನ್ಲಿಲ್ಲ, ಆ ವಾರ ಸೂಜಿ ತಡ ಆಗಿ ಎರಡನೇ ರೊಟ್ಟಿಗೆ ಕೈ ಹಾಕಿದ್ರು, ಅವ್ವ 'ನೋಡು, ದೃಷ್ಟಿ ಇಳೀತು' ಅಂದ್ಲು.