ಕೋಡ್ ಬದಲಾಯ್ಸಿದೀನಿ, ಪೇಜ್ ಮಾತ್ರ ಹಳೇದೇ ಬರ್ತಿದೆ

ಫೈಲ್ ಸೇವ್ ಆಗಿದೆ, ಸರ್ವರ್‌ಗೂ ಹೋಗಿದೆ, ಬ್ರೌಸರಲ್ಲಿ ರಿಫ್ರೆಶ್ ಒತ್ತಿದ್ರೆ ಅದೇ ಹಳೇ ಪುಟ. ಇನ್ನೊಂದ್ಸಲ ಒತ್ತಿದ್ರೂ ಅದೇ. ಆಗ ಹೆಚ್ಚಿನವರು ಏನ್ ಮಾಡ್ತಾರೆ ಅಂದ್ರೆ, ಎಲ್ಲಿಂದಲೋ ನಾಲ್ಕೈದು ಹೆಡರ್ ಸಾಲು (ಪುಟದ ಜೊತೆ ಸರ್ವರ್ ಬ್ರೌಸರಿಗೆ ಕಳಿಸೋ ಸೂಚನೆಗಳು) ಕಾಪಿ ಮಾಡ್ಕೊಂಡು ಬಂದು ಸ್ಕ್ರಿಪ್ಟಿನ ತಲೆಗೆ ಅಂಟಿಸ್ತಾರೆ, ಅದಕ್ಕೂ ಬಗ್ಗದಿದ್ರೆ ಯುಆರ್‌ಎಲ್ ಕೊನೇಲಿ ಒಂದು ನಂಬರ್ ಸೇರಿಸ್ತಾರೆ, ಅದಕ್ಕೂ ಆಗ್ಲಿಲ್ಲ ಅಂದ್ರೆ ಸರ್ವರನ್ನೇ ರೀಸ್ಟಾರ್ಟ್ ಮಾಡ್ತಾರೆ. ಯಾವುದೋ ಒಂದು ಕೆಲ್ಸ ಮಾಡುತ್ತೆ, ಯಾವುದು ಅಂತ ಗೊತ್ತಾಗಲ್ಲ, ಮುಂದಿನ ವಾರ ಅದೇ ರೋಗ ವಾಪಸ್. ನಾನು ಹೇಳೋದು ಇಷ್ಟೇ: ಯಾವ ಕ್ಯಾಶನ್ನೂ (ಮತ್ತೆ ಬೇಗ ಕೊಡೋಕೆ ಅಂತ ಪ್ರತಿ ಎತ್ತಿಡೋ ಜಾಗ) ಮುಟ್ಟೋಕೆ ಮುಂಚೆ ಆ ಹಳೇ ಪ್ರತಿ ಎಲ್ಲಿ ಕೂತಿದೆ ಅಂತ ಪತ್ತೆ ಮಾಡಿ.

ಅದಕ್ಕೆ ಸ್ಕ್ರಿಪ್ಟಲ್ಲಿ ಎರಡೇ ಸಾಲು ಸಾಕು. ಒಂದು, ಈಗಿನ ಸಮಯ ಮತ್ತೆ ಒಂದು ರ್‍ಯಾಂಡಮ್ ನಂಬರನ್ನ ಎಚ್‌ಟಿಎಂಎಲ್ ಕಾಮೆಂಟಾಗಿ ಪುಟದ ಕೊನೇಲಿ ಬರೀರಿ. ಎರಡು, ಅದೇ ಸಮಯ, ಅದೇ ನಂಬರನ್ನ ಒಂದು ಲಾಗ್ ಫೈಲಿಗೂ ಬರೀರಿ. ಈಗ ಪುಟ ತೆಗೆದು ವ್ಯೂ ಸೋರ್ಸ್ ನೋಡಿ. ಕಾಮೆಂಟಲ್ಲಿ ಹಳೇ ಟೈಮ್ ಇದ್ದು ಲಾಗಲ್ಲಿ ಹೊಸ ಸಾಲು ಬಿದ್ದಿಲ್ಲ ಅಂದ್ರೆ ನಿಮ್ಮ ಸ್ಕ್ರಿಪ್ಟ್ ಓಡೇ ಇಲ್ಲ, ಮುಂದೆ ಯಾರೋ ಇಟ್ಕೊಂಡಿರೋ ಪ್ರತಿನ ಕೊಟ್ಟು ಕಳಿಸ್ತಿದಾರೆ, ಬ್ರೌಸರ್ ಇರ್ಬೋದು, ಸಿಡಿಎನ್ (ಪುಟಗಳ ಪ್ರತಿನ ಊರೂರಲ್ಲಿ ಇಟ್ಟು ಹಂಚೋ ಸರ್ವರ್ ಜಾಲ) ಇರ್ಬೋದು, ಮಧ್ಯೆ ನಿಂತು ದಾಟಿಸೋ ಪ್ರಾಕ್ಸಿ ಸರ್ವರ್ ಇರ್ಬೋದು. ಟೈಮ್ ಹೊಸದು ಆದ್ರೆ ಡೇಟಾ ಹಳೇದು ಅಂದ್ರೆ ಸಮಸ್ಯೆ ಸ್ಕ್ರಿಪ್ಟಿನ ಹಿಂದೆ, ಅದು ಡೇಟಾ ತರೋ ಕಡೆ ಇದೆ. ಆ ಕಾಮೆಂಟೇ ಇಲ್ಲ, ಲಾಗೂ ಖಾಲಿ, ಹೊಚ್ಚ ಹೊಸ ಯುಆರ್‌ಎಲ್ ಕೊಟ್ರೂ ಅದೇ ಕಥೆ ಅಂದ್ರೆ ಓಡ್ತಿರೋದು ಹಳೇ ಕೋಡು, ಇಲ್ಲಾಂದ್ರೆ ಲೋಡ್ ಬ್ಯಾಲೆನ್ಸರ್ (ಬರೋ ಕೋರಿಕೆಗಳನ್ನ ಸರ್ವರ್‌ಗಳಿಗೆ ಹಂಚೋದು) ಹಿಂದಿರೋ ಎರಡು ಸರ್ವರಲ್ಲಿ ಒಂದಕ್ಕೆ ಮಾತ್ರ ಹೊಸ ಕೋಡ್ ಡಿಪ್ಲಾಯ್ ಆಗಿದೆ. ವೆಬ್ ಸರ್ವರಿನ ಆಕ್ಸೆಸ್ ಲಾಗನ್ನ ಮಾತ್ರ ನಂಬ್ಕೊಂಡು ಕೂರಬೇಡಿ, ಯಾಕಂದ್ರೆ ಎನ್‌ಜಿನ್‌ಎಕ್ಸ್ ಅನ್ನೋ ವೆಬ್ ಸರ್ವರಿನ ಫಾಸ್ಟ್‌ಸಿಜಿಐ ಕ್ಯಾಶ್ (ಪಿಎಚ್‌ಪಿ ಕೊಟ್ಟ ಪುಟನ ಎತ್ತಿಡೋದು) ಆನ್ ಇದ್ರೆ ಅಲ್ಲಿ ಸಾಲು ಬೀಳುತ್ತೆ, ಪಿಎಚ್‌ಪಿ ಓಡಿರಲ್ಲ.

ಸಮಸ್ಯೆ ಸ್ಕ್ರಿಪ್ಟಿನ ಮುಂದಿನ ಕಡೆ ಅಂತ ಗೊತ್ತಾದ್ರೆ ಟರ್ಮಿನಲ್ ತೆಗೆದು ಕರ್ಲ್‌ನಲ್ಲಿ (ಕಮಾಂಡ್ ಲೈನಿಂದ ಪುಟ ತರಿಸೋ ಸಾಧನ) ಅದೇ ಯುಆರ್‌ಎಲ್ ಕೇಳಿ. ಕರ್ಲ್ ಯಾವ ಕ್ಯಾಶೂ ಇಟ್ಕೊಳಲ್ಲ. ಅದಕ್ಕೆ ಹೊಸ ಟೈಮ್ ಬಂದು ಬ್ರೌಸರಿಗೆ ಹಳೇದು ಬಂದ್ರೆ ಬ್ರೌಸರೇ ಕಾರಣ. ಕರ್ಲ್‌ಗೂ ಹಳೇದೇ ಬಂದ್ರೆ ಹೆಡರಲ್ಲಿ ಏಜ್ ಅಂತ ಒಂದು ಸಾಲು ಇದೆಯಾ ನೋಡಿ, ಅಲ್ಲಿ 3400 ಅಂತ ಇದ್ರೆ ಆ ಪ್ರತಿ ಮಧ್ಯದ ಕ್ಯಾಶಲ್ಲಿ 3400 ಸೆಕೆಂಡಿಂದ ಕೂತಿದೆ ಅಂತ ಅರ್ಥ.

ಹೆಡರ್ ವಿಷಯದಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. ಕ್ಯಾಶ್-ಕಂಟ್ರೋಲ್ ಹೆಡರಲ್ಲಿ ನೋ-ಕ್ಯಾಶ್ ಅಂದ್ರೆ ಇಟ್ಕೋಬೇಡ ಅಂತ ಅಲ್ಲ! ಇಟ್ಕೋ, ಆದ್ರೆ ಪ್ರತಿ ಸಲ ನನ್ನ ಕೇಳಿ ಆಮೇಲೆ ಬಳಸು ಅಂತ. ಇಟ್ಕೊಳ್ಳಲೇಬೇಡ ಅನ್ನೋಕೆ ನೋ-ಸ್ಟೋರ್. ಎರಡನೇದು, ಏನೂ ಹೆಡರ್ ಕಳಿಸದಿದ್ರೆ ಕ್ಯಾಶ್ ಆಗಲ್ಲ ಅಂದ್ಕೊಳೋದು ತಪ್ಪು. 2022ರ ಆರ್‌ಎಫ್‌ಸಿ 9111 (ವೆಬ್ ಕ್ಯಾಶಿನ ನಿಯಮಾವಳಿ) ಪ್ರಕಾರ ಅವಧಿ ಹೇಳಿಲ್ಲ ಅಂದ್ರೆ ಬ್ರೌಸರ್ ತಾನೇ ಅಂದಾಜು ಮಾಡ್ಬೋದು, ಲಾಸ್ಟ್-ಮಾಡಿಫೈಡ್ ಹೆಡರಲ್ಲಿರೋ, ಪುಟ ಕೊನೇಸಲ ಬದಲಾದ ತಾರೀಕಿಂದ ಈವರೆಗೆ ಆದ ಕಾಲದ ಹತ್ತನೇ ಒಂದು ಭಾಗ ಅನ್ನೋದು ಸಾಮಾನ್ಯ ಲೆಕ್ಕ. ನಿಮ್ಮ ಸ್ಕ್ರಿಪ್ಟ್ 100 ದಿನ ಹಳೇ ಟೆಂಪ್ಲೇಟಿನ ತಾರೀಕನ್ನ ಅಲ್ಲಿ ಹಾಕಿ ಕಳಿಸಿದ್ರೆ ಆ ಪುಟ 10 ದಿನ ಹಾಗೇ ಕೂರ್ಬೋದು. ಮತ್ತೆ 301 ರೀಡೈರೆಕ್ಟ್ (ಪುಟ ಶಾಶ್ವತವಾಗಿ ಬೇರೆ ವಿಳಾಸಕ್ಕೆ ಹೋಗಿದೆ ಅನ್ನೋ ಉತ್ತರ), ಅದನ್ನ ಬ್ರೌಸರ್ ತುಂಬಾ ದಿನ ನೆನಪಿಟ್ಕೊಳುತ್ತೆ, ಆದ್ದರಿಂದ ಪರೀಕ್ಷೆ ಮಾಡೋವಾಗ ತಾತ್ಕಾಲಿಕ ಅನ್ನೋ 302 ಬಳಸಿ. ಬ್ಯಾಕ್ ಬಟನ್ ಒತ್ತಿದಾಗ ಮಾತ್ರ ಹಳೇದು ಕಾಣಿಸ್ತಿದ್ರೆ ಅದು ಬೇರೇನೇ, ಬ್ರೌಸರ್ ಇಡೀ ಪುಟನ ಮೆಮರೀಲಿ ಹಾಗೇ ಇಟ್ಟಿರುತ್ತೆ.

ಪಿಎಚ್‌ಪಿಯವರಿಗೆ ಒಂದು ಗುರುತು ಹೇಳ್ತೀನಿ. ಎಕ್ಸ್‌ಪೈರ್ಸ್ ಹೆಡರಲ್ಲಿ (ಪ್ರತಿ ಯಾವತ್ತಿನವರೆಗೆ ಬಳಸಬಹುದು ಅನ್ನೋದು) 1981ರ ನವೆಂಬರ್ 19 ಅಂತ ಕಂಡ್ರೆ ಗಾಬರಿ ಆಗ್ಬೇಡಿ, ಆ ಸ್ಕ್ರಿಪ್ಟಲ್ಲಿ ಸೆಷನ್ (ಬಂದಿರೋದು ಯಾರು ಅಂತ ನೆನಪಿಟ್ಕೊಳೋ ವ್ಯವಸ್ಥೆ) ಶುರು ಆಗಿದೆ ಅಂತ ಅಷ್ಟೇ, ಪಿಎಚ್‌ಪಿ ತಾನಾಗೇ ಅದನ್ನೂ ನೋ-ಸ್ಟೋರನ್ನೂ ಸೇರಿಸಿ ಕಳಿಸುತ್ತೆ.

ಹಾಗಿದ್ರೂ ಅನಾಹುತ ಆಗುತ್ತೆ, ನಾನೇ ನೋಡಿದೀನಿ. ನಾನು ಕೆಲ್ಸ ಮಾಡಿದ ಒಂದು ಸೈಟಲ್ಲಿ ಲೋಡ್ ಜಾಸ್ತಿ ಅಂತ ಸಿಡಿಎನ್‌ನಲ್ಲಿ ಸರ್ವರಿನ ಹೆಡರ್ ಲೆಕ್ಕಕ್ಕೇ ತಗೋಬೇಡ, ಎಲ್ಲಾ ಪುಟನೂ 5 ನಿಮಿಷ ಇಟ್ಕೋ ಅಂತ ರೂಲ್ ಹಾಕಿದ್ರು. ಸಂಜೆ ಒಬ್ರು ಕಂಪ್ಲೇಂಟ್ ಕೊಟ್ರು, ಲಾಗಿನ್ ಆದ್ರೆ ಮೇಲ್ಗಡೆ ಬೇರೆಯವರ ಹೆಸರು ಬರ್ತಿದೆ, ಅವರ ಅಡ್ರೆಸ್ಸೂ ಕಾಣಿಸ್ತಿದೆ ಅಂತ. ಆ ಸ್ಕ್ರೀನ್‌ಶಾಟ್ ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಮೊದಲು ಸಿಡಿಎನ್ ಪೂರ್ತಿ ಪರ್ಜ್ (ಖಾಲಿ) ಮಾಡಿದ್ವಿ, ಆಮೇಲೆ ಆ ರೂಲ್ ತೆಗೆದ್ವಿ, ಲಾಗಿನ್ ಗುರುತು ಹೊತ್ತ ಸೆಟ್-ಕುಕೀ ಹೆಡರೂ ಕ್ಯಾಶ್ ಆಗಿರ್ಬೋದು ಅಂತ ಎಲ್ಲರ ಸೆಷನ್ನೂ ರದ್ದು ಮಾಡಿದ್ವಿ. ಎನ್‌ಜಿನ್‌ಎಕ್ಸ್ ಆದ್ರೆ ಸೆಟ್-ಕುಕೀ ಇರೋ ಉತ್ತರನ ತಾನಾಗಿ ಕ್ಯಾಶ್ ಮಾಡಲ್ಲ, ಜನ ಹಿಟ್ ರೇಟ್ (ಕ್ಯಾಶಿಂದಲೇ ಸಿಗೋ ಉತ್ತರಗಳ ಪಾಲು) ಏರ್ಲಿ ಅಂತ ಆ ಕಾವಲನ್ನ ಕಾನ್ಫಿಗಲ್ಲಿ ತೆಗೆದು ಹಾಕ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಅಲ್ಲಿ ಸೋರಿಹೋಗೋದು ಇನ್ನೊಬ್ಬರ ಖಾಸಗಿ ಮಾಹಿತಿ.

ಹಳೇ ಕೋಡೇ ಓಡ್ತಿದ್ರೆ ಪಿಎಚ್‌ಪಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಆಪ್‌ಕ್ಯಾಶ್ ಮೇಲೆ, ಅದು ಕಂಪೈಲ್ ಆದ ಕೋಡನ್ನ ಮೆಮರೀಲಿ ಇಟ್ಕೊಳುತ್ತೆ. ಡೀಫಾಲ್ಟಾಗಿ 2 ಸೆಕೆಂಡಿಗೊಮ್ಮೆ ಫೈಲ್ ಬದಲಾಗಿದೆಯಾ ಅಂತ ನೋಡುತ್ತೆ, ಆದ್ರೆ ಪ್ರೊಡಕ್ಷನಲ್ಲಿ ಸ್ಪೀಡಿಗೆ ಅಂತ ಹಾಗೆ ನೋಡಿಸೋ ವ್ಯಾಲಿಡೇಟ್ ಟೈಮ್‌ಸ್ಟ್ಯಾಂಪ್ಸ್ ಸೆಟ್ಟಿಂಗನ್ನ ಆಫ್ ಮಾಡಿರ್ತಾರೆ, ಆಗ ಪಿಎಚ್‌ಪಿನ ರೀಲೋಡ್ ಮಾಡೋವರೆಗೂ ಹಳೇ ಕೋಡೇ. ಕಮಾಂಡ್ ಲೈನಿಂದ ಆಪ್‌ಕ್ಯಾಶ್ ರೀಸೆಟ್ ಮಾಡಿದೆ ಆದ್ರೂ ಹೋಗಿಲ್ಲ ಅಂತ ತುಂಬಾ ಜನ ಕೇಳ್ತಾರೆ, ಕಮಾಂಡ್ ಲೈನಿನ ಮೆಮರಿ ಬೇರೆ, ಎಫ್‌ಪಿಎಂ (ವೆಬ್ ಸರ್ವರ್‌ಗೆ ಪಿಎಚ್‌ಪಿ ಓಡಿಸಿಕೊಡೋದು) ಮೆಮರಿ ಬೇರೆ, ಎಫ್‌ಪಿಎಂನೇ ರೀಲೋಡ್ ಮಾಡ್ಬೇಕು. ಸಿಮ್‌ಲಿಂಕ್ (ಬೇರೆ ಫೋಲ್ಡರಿನ ಕಡೆ ತೋರಿಸೋ ಕೊಂಡಿ) ಬದಲಾಯ್ಸಿ ಡಿಪ್ಲಾಯ್ ಮಾಡೋರಿಗೆ ರಿಯಲ್‌ಪಾತ್ ಕ್ಯಾಶ್ ಅಂತ ಇನ್ನೊಂದಿದೆ, 120 ಸೆಕೆಂಡ್ ಹಳೇ ದಾರಿ ನೆನಪಿಟ್ಕೊಳುತ್ತೆ. ಪೈಥಾನ್, ನೋಡ್.ಜೆಎಸ್ ಆದ್ರೆ ಪ್ರೋಸೆಸ್ ರೀಸ್ಟಾರ್ಟ್ ಆಗೋವರೆಗೂ ಮಾಡ್ಯೂಲ್ ಮೆಮರೀಲೇ ಇರುತ್ತೆ. ಪೈಥಾನಲ್ಲಿ ಫಂಕ್ಷನ್ನಿನ ಡೀಫಾಲ್ಟ್ ಆರ್ಗ್ಯುಮೆಂಟಿಗೆ ಈಗಿನ ಸಮಯ ಕೊಟ್ರೆ ಅದು ಕೋಡ್ ಲೋಡ್ ಆದಾಗ ಒಂದೇ ಸಲ ಲೆಕ್ಕ ಆಗಿ ಅಲ್ಲೇ ನಿಂತುಬಿಡುತ್ತೆ, ನೋಡೋರಿಗೆ ಕ್ಯಾಶ್ ಥರಾನೇ ಕಾಣುತ್ತೆ.

ಸ್ಕ್ರಿಪ್ಟಿನ ಹಿಂದಿನ ಕಡೆ ರೆಡಿಸ್ (ಡೇಟಾನ ಕೀ ಅನ್ನೋ ಒಂದೊಂದು ಹೆಸರಲ್ಲಿ ಮೆಮರೀಲಿ ಇಡೋ ಸಂಗ್ರಹ) ಇದ್ರೆ ಆ ಡೇಟಾದ ಕೀಗೆ ಟಿಟಿಎಲ್ (ಉಳಿದ ಅವಧಿ) ಕೇಳಿ ನೋಡಿ, -1 ಬಂದ್ರೆ ಅದಕ್ಕೆ ಅವಧಿನೇ ಇಟ್ಟಿಲ್ಲ. ಕೀ ಹೆಸರಲ್ಲಿ ಯೂಸರ್ ಐಡಿ, ಭಾಷೆ ಸೇರಿದೆಯಾ ಅಂತಾನೂ ನೋಡಿ, ಇಲ್ಲಾಂದ್ರೆ ಒಬ್ರ ಪ್ರತಿ ಇನ್ನೊಬ್ರಿಗೆ ಹೋಗುತ್ತೆ.

ಕೊನೇದಾಗಿ ನನಗೆ ಎರಡು ದಿನ ತಿಂದ ಕೇಸು. ಬ್ಯಾಕ್‌ಗ್ರೌಂಡಲ್ಲಿ ಓಡೋ ಒಂದು ಪೈಥಾನ್ ವರ್ಕರ್, ಡೇಟಾಬೇಸಲ್ಲಿ ಸ್ಟೇಟಸ್ ಬದಲಾದ್ರೂ ಗಂಟೆಗಟ್ಟಲೆ ಹಳೇ ಸ್ಟೇಟಸ್ಸೇ ಓದ್ತಿತ್ತು. ರೆಡಿಸ್ ಖಾಲಿ ಮಾಡಿದೆ, ಮೈಎಸ್‌ಕ್ಯೂಎಲ್‌ನ ಕ್ವೆರಿ ಕ್ಯಾಶ್ ಅನ್ನೋಣ ಅಂದ್ರೆ ಅದನ್ನ 8.0ರಲ್ಲೇ ತೆಗೆದು ಹಾಕಿದಾರೆ. ಕಡೆಗೆ ನೋಡಿದ್ರೆ ಎಲ್ಲೂ ಕ್ಯಾಶೇ ಇರ್ಲಿಲ್ಲ. ಮೈಎಸ್‌ಕ್ಯೂಎಲ್ ಒಳಗಿನ ಇನ್ನೋಡಿಬಿ ಎಂಜಿನ್ನಿನ ಡೀಫಾಲ್ಟ್ ನಿಯಮ ರಿಪೀಟಬಲ್ ರೀಡ್, ಅದು ಒಂದು ಟ್ರಾನ್ಸಾಕ್ಷನಲ್ಲಿ (ಕಮಿಟ್ ಅಂತ ಹೇಳಿ ಮುಗಿಸೋ ಕೆಲ್ಸದ ಕಂತು) ಮೊದಲ ಸೆಲೆಕ್ಟ್ ಮಾಡಿದ ಕ್ಷಣದ ಚಿತ್ರನೇ ಕಮಿಟ್ ಆಗೋವರೆಗೂ ತೋರಿಸ್ತಾ ಇರುತ್ತೆ, ಡೇಟಾಬೇಸ್ ಜೊತೆ ಮಾತಾಡೋ ಆ ಡ್ರೈವರಲ್ಲಿ ಆಟೋಕಮಿಟ್ (ತಾನಾಗೇ ಕಮಿಟ್ ಆಗೋದು) ಆಫ್ ಇತ್ತು, ಬರೀ ಓದೋ ಕೋಡ್ ತಾನೇ ಅಂತ ಯಾರೂ ಕಮಿಟ್ ಬರೆದಿರ್ಲಿಲ್ಲ. ಲೂಪಿನ ಕೊನೇಲಿ ಒಂದು ಕಮಿಟ್ ಹಾಕಿದೆ, ಮುಂದಿನ ಸುತ್ತಲ್ಲೇ ಹೊಸ ಸ್ಟೇಟಸ್ ಬಂತು.