ಆಂಕೇಲ್ ಪ್ರಕರಣ: ‘ಸೆಕ್ಸ್’ ಎಂಬ ಒಂದು ಪದದ ತೊಡಕು

ಗಂಡಸರು ಹೂಡಿದ ಲೈಂಗಿಕ ಕಿರುಕುಳದ ದಾವೆಗಳನ್ನು ಓದುವವರು ಅಮೆರಿಕದ ಸುಪ್ರೀಂ ಕೋರ್ಟಿನ ‘ಆಂಕೇಲ್ ವಿರುದ್ಧ ಸನ್‌ಡೌನರ್’ (1998) ತೀರ್ಪಿನಿಂದ ಶುರು ಮಾಡಿ. ಸನ್‌ಡೌನರ್ ಅಂದರೆ ಆಂಕೇಲ್ ಕೆಲಸ ಮಾಡುತ್ತಿದ್ದ ಕಂಪನಿ. ಎರಡು ದಿನ ಒದ್ದಾಡಿದ ಮೇಲೆ ನನಗೆ ಇದು ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಸಂಗತಿ ಇಷ್ಟು. 1991ರಲ್ಲಿ ಜೋಸೆಫ್ ಆಂಕೇಲ್ ಮೆಕ್ಸಿಕೋ ಕೊಲ್ಲಿಯ ನಡುವೆ ತೈಲ ತೆಗೆಯುವ ಕಟ್ಟೆಯೊಂದರಲ್ಲಿ ದುಡಿಯುತ್ತಿದ್ದರು. ಎಂಟು ಜನರ ತಂಡ, ಎಲ್ಲರೂ ಗಂಡಸರು. ಜೊತೆಗಾರರು ಲೈಂಗಿಕವಾಗಿ ಅವಮಾನ ಮಾಡಿದರು, ಮೈಮೇಲೆ ಕೈ ಮಾಡಿದರು, ಒಬ್ಬನು ಅತ್ಯಾಚಾರದ ಬೆದರಿಕೆ ಹಾಕಿದ ಎಂಬುದು ಅವರ ಆರೋಪ. ಮೇಲಿನವರಿಗೆ ದೂರು ಕೊಟ್ಟರೂ ಪರಿಹಾರ ಸಿಗಲಿಲ್ಲ. ಕೊನೆಗೆ ಕೆಲಸ ಬಿಟ್ಟರು. ಬಿಡುವಾಗ, ಲೈಂಗಿಕ ಕಿರುಕುಳ ಮತ್ತು ಬೈಗುಳದ ಕಾರಣಕ್ಕೆ ಹೋಗುತ್ತಿದ್ದೇನೆ ಅಂತ ಕೆಲಸ ಬಿಟ್ಟ ಚೀಟಿಯಲ್ಲಿ ಬರೆಯಿರಿ ಎಂದು ಕೇಳಿದರು. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಗಂಡಸಿಗೆ ಗಂಡಸೇ ಕಿರುಕುಳ ಕೊಟ್ಟರೆ ದಾವೆ ನಿಲ್ಲುವುದಿಲ್ಲ ಎಂದು ಕೆಳಗಿನ ಕೋರ್ಟುಗಳು ಹೇಳಿದ್ದವು. ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ.

ನಾನು ಎಡವಿದ್ದು ಇಲ್ಲಿ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ ಕೆಲಸದಲ್ಲಿ ‘ಸೆಕ್ಸ್’ ಕಾರಣದಿಂದ ಆಗುವ ತಾರತಮ್ಯವನ್ನು ತಡೆಯುತ್ತದೆ. ನಡೆದದ್ದು ಅಷ್ಟು ಅಶ್ಲೀಲ ಅಂದ ಮೇಲೆ ಮುಗಿಯಿತಲ್ವಾ, ಇನ್ನೇನು ಸಾಬೀತು ಮಾಡಬೇಕು ಅಂದುಕೊಂಡೆ. ತಪ್ಪು. ಇಂಗ್ಲಿಷಿನಲ್ಲಿ ಆ ಒಂದೇ ಪದ ಕಾಮಕ್ಕೂ ಆಗುತ್ತದೆ, ಗಂಡು–ಹೆಣ್ಣು ಎಂಬ ಭೇದಕ್ಕೂ ಆಗುತ್ತದೆ. ಕಾಯ್ದೆ ಹೇಳುವುದು ಎರಡನೆಯದನ್ನು. ಕನ್ನಡದಲ್ಲಿ ‘ಗಂಡಸು ಎಂಬ ಕಾರಣಕ್ಕೆ’ ಅಂತ ಓದಿಕೊಂಡ ಕೂಡಲೇ ಗಂಟು ಬಿಚ್ಚಿತು. ಕೇಳಬೇಕಾದ ಪ್ರಶ್ನೆ ಮಾತು ಎಷ್ಟು ಕೊಳಕು ಅನ್ನುವುದಲ್ಲ. ಆ ಜಾಗದಲ್ಲಿ ಹೆಂಗಸು ಇದ್ದಿದ್ದರೆ ಅವಳಿಗೂ ಹೀಗೇ ಮಾಡುತ್ತಿದ್ದರಾ ಅನ್ನುವುದು. ಬೇರೆ ಪ್ರಕರಣ ಓದುವಾಗಲೂ ನಾನು ಈಗ ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ.

ಸಾಬೀತು ಮಾಡಲು ಕೋರ್ಟ್ ಮೂರು ದಾರಿ ಕೊಟ್ಟಿದೆ. ಕಿರುಕುಳ ಕೊಟ್ಟವನಿಗೆ ಗಂಡಸರ ಮೇಲೆ ಕಾಮಾಸಕ್ತಿ ಇತ್ತು ಎಂದು ತೋರಿಸಬಹುದು. ಆ ಲಿಂಗದವರು ಕೆಲಸದಲ್ಲಿ ಇರುವುದೇ ಅವನಿಗೆ ಸಹಿಸುತ್ತಿರಲಿಲ್ಲ ಎಂದು ತೋರಿಸಬಹುದು. ಇಲ್ಲವೇ ಗಂಡಸರು, ಹೆಂಗಸರು ಇಬ್ಬರೂ ಇರುವ ಕಡೆ ಇಬ್ಬರನ್ನೂ ಬೇರೆ ಬೇರೆಯಾಗಿ ನಡೆಸಿಕೊಂಡ ಎಂದು ಹೋಲಿಸಿ ತೋರಿಸಬಹುದು. ಮೂರನೆಯದು ಆಂಕೇಲ್ ಅವರಿಗೆ ಸಿಗುವಂತಿರಲಿಲ್ಲ. ಹೋಲಿಸಲು ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ನೋಡಿ.

ಸಂದರ್ಭವೂ ಮುಖ್ಯ. ಮೈದಾನಕ್ಕೆ ಇಳಿಯುವ ಫುಟ್ಬಾಲ್ ಆಟಗಾರನ ಹಿಂಭಾಗಕ್ಕೆ ಕೋಚ್ ತಟ್ಟುವುದು ಬೇರೆ, ಕಚೇರಿಯಲ್ಲಿ ಕಾರ್ಯದರ್ಶಿಗೆ ಹಾಗೆ ಮಾಡುವುದು ಬೇರೆ. ಈ ಉದಾಹರಣೆ ತೀರ್ಪಿನಲ್ಲೇ ಇದೆ.

2013ರಲ್ಲಿ ಬೋ ಬ್ರದರ್ಸ್ ಎಂಬ ನಿರ್ಮಾಣ ಕಂಪನಿಯ ಪ್ರಕರಣ ಇನ್ನೊಂದು ದಾರಿ ತೆರೆಯಿತು. ಸೇತುವೆ ಕೆಲಸದಲ್ಲಿದ್ದ ಕಬ್ಬಿಣದ ಕೆಲಸಗಾರನೊಬ್ಬನಿಗೆ ‘ನೀನು ಸಾಕಷ್ಟು ಗಂಡಸಲ್ಲ’ ಎಂಬ ಧೋರಣೆಯಲ್ಲಿ ಮೇಲ್ವಿಚಾರಕ ಕಾಟ ಕೊಟ್ಟಿದ್ದ. ಅದೂ ಲಿಂಗದ ಕಾರಣವೇ ಎಂದು ಸುಪ್ರೀಂ ಕೋರ್ಟಿಗಿಂತ ಒಂದು ಹಂತ ಕೆಳಗಿನ ಐದನೇ ವಲಯದ ಮೇಲ್ಮನವಿ ಕೋರ್ಟ್ ಒಪ್ಪಿತು. ಆಂಕೇಲ್ ಅವರಿಗೆ ದಾವೆಯೇ ಇಲ್ಲ ಅಂದಿದ್ದು ಇದೇ ಕೋರ್ಟ್!

ನಮ್ಮಲ್ಲಿ ಏನು ಅಂತ ಕೇಳುತ್ತೀರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ (POSH) ಕಾಯ್ದೆಯಡಿ ದೂರು ಕೊಡಬಲ್ಲವಳು ‘ನೊಂದ ಮಹಿಳೆ’ ಮಾತ್ರ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ 2015ರ ನಿಯಮಗಳು ಮಾತ್ರ ಗಂಡು ವಿದ್ಯಾರ್ಥಿಗಳನ್ನೂ ತೃತೀಯ ಲಿಂಗದವರನ್ನೂ ನೆನೆಯುತ್ತವೆ. ಹಾಗಾಗಿ ಖಾಸಗಿ ಕಚೇರಿಯ ಗಂಡಸಿಗೆ ಮುಖ್ಯವಾಗಿ ಉಳಿಯುವುದು ಕಂಪನಿಯ ಸ್ವಂತ ನೀತಿ. ಅದರಲ್ಲಿ ‘ಉದ್ಯೋಗಿ’ ಅಂತ ಇದೆಯಾ, ‘ಮಹಿಳೆ’ ಅಂತ ಇದೆಯಾ ಅಂತ ಮೊದಲು ನೋಡಿ.